ಪಟ್ಟಿಯ ಮೇಲಿನ ಹೆಸರು, ನಳಿಗೆಯ ಅಡಿಯ ಗುರುತು

ಕೊಡಗಿನ ನಮ್ಮ ಐನ್‌ಮನೆಯಲ್ಲಿರುವ (ಕುಟುಂಬದ ಮೂಲಮನೆ) ಜೋಡುನಳಿಗೆ ಕೋವಿಯನ್ನು 1880ರ ಸುಮಾರಿಗೆ ಕಾಫಿ ತೋಟದ ಆಂಗ್ಲ ದೊರೆಯೊಬ್ಬ ಮುತ್ತಜ್ಜನಿಗೆ ಉಡುಗೊರೆ ಕೊಟ್ಟನೆಂದು ಅಜ್ಜ ಹೇಳುತ್ತಿದ್ದರು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದರ ನಳಿಗೆಗೆ ತೋಕ್‌ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆಗಿಡುವಾಗಲೆಲ್ಲ ಆ ಕಥೆ ಕೇಳಿ ಬೆಳೆದ ನನಗೆ, ಅದನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳಬೇಕೆಂಬ ಆಸೆ ಬಹಳ ವರ್ಷಗಳಿಂದ ಇತ್ತು.

ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ‘ಪಿ. ಆರ್ ಅಂಡ್ ಸನ್ಸ್, ಮದ್ರಾಸ್’ ಎಂದು ಕೆತ್ತಿದೆ. ಮದರಾಸಿನ ಮೌಂಟ್ ರಸ್ತೆಯಲ್ಲಿ ಗಡಿಯಾರಕ್ಕೆ ಹೆಸರಾಗಿದ್ದ ಅಂಗಡಿಯದು. ಮೊದಲಿಗೆ ನಾನು ಅವರೇ ತಯಾರಕರೆಂದು ನಂಬಿ ಹಲವು ತಿಂಗಳು ಕಳೆದೆ. ಆದರೆ ಆ ಕಾಲದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕೋವಿ ಕೇರಿಯ ಕುಶಲಕರ್ಮಿಗಳು ಮಾಡಿದ ಕೋವಿಗಳಿಗೆ ಮಾರುವ ಅಂಗಡಿಯ ಹೆಸರನ್ನೇ ಕೆತ್ತಿಸುವ ರೂಢಿ ವ್ಯಾಪಕವಾಗಿತ್ತು. ಕಲ್ಕತ್ತೆಯ ಅಂಗಡಿಗಳ ಹೆಸರು ಹೊತ್ತ ಎಷ್ಟೋ ಕೋವಿಗಳ ಹುಟ್ಟೂರೂ ಅದೇ. ಆದ್ದರಿಂದ ಪಟ್ಟಿಯ ಮೇಲಿನ ಹೆಸರನ್ನು ಕೊನೆಗೆ ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಜವಾದ ಓದು ನಳಿಗೆಗಳ ಅಡಿಯಲ್ಲಿದೆ. ಕೋವಿಯಲ್ಲಿ ತೋಟೆ ಇಲ್ಲವೆಂಬುದನ್ನು ಎರಡೆರಡು ಸಲ ನೋಡಿಕೊಂಡು, ಮುಂದಿನ ಮರವನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿ, ಮೇಜಿನ ಮೇಲೆ ಬೋರಲು ಹಾಕಿದೆ. ಯೌವನದಲ್ಲಿ ಇದೇ ಜಾಗವನ್ನು ಮರಳು ಕಾಗದದಿಂದ ಉಜ್ಜಿ ಒಂದು ಗುರುತಿನ ಅಂಚನ್ನು ಸವೆಸಿಬಿಟ್ಟಿದ್ದೆ. ಆ ನೋವು ಇಂದಿಗೂ ಇದೆ. ಈ ಬಾರಿ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಮಾತ್ರ ಒರೆಸಿ, ಕತ್ತಲ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ, ನುಣುಪಾಗಿ ಕಂಡಿದ್ದ ಉಕ್ಕಿನಿಂದ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು.

ಇಂಗ್ಲೆಂಡಿನಲ್ಲಿ ಮಾರುವ ಮೊದಲು ಪ್ರತಿ ನಳಿಗೆಯನ್ನೂ ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತಬೇಕೆಂಬುದು ಕಾನೂನು. ಲಂಡನ್ನಿನ ಕೋವಿಕಾರರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ 1813ರ ಕಾಯ್ದೆಯಿಂದ ಸ್ಥಾಪನೆಯಾಯಿತು. ನಿಯಮಗಳು ಬದಲಾದಾಗಲೆಲ್ಲ ಮುದ್ರೆಗಳೂ ಬದಲಾದುದರಿಂದ, ಅವೇ ನಮಗೆ ಪಂಚಾಂಗವಾಗುತ್ತವೆ. ನಮ್ಮ ಕೋವಿಯಲ್ಲಿ ವಜ್ರಾಕೃತಿಯೊಳಗೆ ‘12 ಸಿ’ ಎಂದು, ತೋಟೆ ಕೂರುವ ಗೂಡಿನ ಅಳತೆಯ ಗುರುತಿತ್ತು. ಅದು 1887ರ ನಿಯಮದಿಂದ ಬಂದದ್ದು. ಅದರ ಪಕ್ಕದಲ್ಲೇ ಕಿರೀಟದ ಕೆಳಗೆ ‘ಬಿ.ವಿ.’ ಮತ್ತು ‘ಎನ್.ಪಿ.’ ಎಂಬ ಅಕ್ಷರಗಳಿದ್ದವು. ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಮುದ್ರೆಗಳು ಬಳಕೆಗೆ ಬಂದದ್ದು 1904ರಲ್ಲಿ. ಮೊದಲನೆಯದು ಕಣ್ಣಿನಿಂದ ನೋಡಿ ಮಾಡುವ ತಪಾಸಣೆಯದು, ಎರಡನೆಯದು ಹೊಗೆರಹಿತ ಮದ್ದಿನ ಪರೀಕ್ಷೆಯದು. 1925ರ ನಿಯಮದಂತೆ ಒತ್ತುತ್ತಿದ್ದ ತೋಟೆಗೂಡಿನ ಉದ್ದ ಎಲ್ಲಿಯೂ ಇರಲಿಲ್ಲ. ಅಂದರೆ ಕೋವಿ 1904 ಮತ್ತು 1925ರ ನಡುವಿನದು, 1880ರದಲ್ಲ.

ಹಳೆಯ ಕೋವಿಯನ್ನು ಹೊಸ ಮದ್ದಿಗಾಗಿ ಮರುಪರೀಕ್ಷೆಗೆ ಕಳುಹಿಸುತ್ತಿದ್ದುದೂ ಉಂಟು, ಆದರೆ ಹಾಗಾಗಿದ್ದರೆ ಹಿಂದಿನ ಮುದ್ರೆಗಳೂ ಉಳಿದಿರುತ್ತಿದ್ದವು. ಇಲ್ಲಿ ಅಂಥವು ಒಂದೂ ಇರಲಿಲ್ಲ. ಕೋವಿಯ ಒಡಲು ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯಲ್ಲಿ ಆನ್ಸನ್ ಮತ್ತು ಡೀಲಿ ರೂಪಿಸಿ 1875ರಲ್ಲಿ ಪೇಟೆಂಟ್ ಪಡೆದ, ಹೊರಗೆ ಸುತ್ತಿಗೆ ಕಾಣದ ಬಾಕ್ಸ್‌ಲಾಕ್ ಮಾದರಿಯದು. ಪೇಟೆಂಟಿನ ಅವಧಿ ಮುಗಿದ ಮೇಲೆ ಎಲ್ಲರೂ ಅದನ್ನು ಮಾಡತೊಡಗಿದ್ದರಿಂದ, ಇದು ಕಾಲವನ್ನು ಖಚಿತಪಡಿಸದಿದ್ದರೂ ಮುದ್ರೆಗಳ ಮಾತನ್ನು ಅಲ್ಲಗಳೆಯುವುದಿಲ್ಲ. ನಳಿಗೆ, ಮುಂದಿನ ಮರ, ಟ್ರಿಗರ್ ಕಾವಲಿನ ಬಾಲ, ಈ ಮೂರರ ಮೇಲಿನ ಕ್ರಮಸಂಖ್ಯೆ ಒಂದೇ ಆಗಿದ್ದುದರಿಂದ ಭಾಗಗಳು ಕೂಡಿಹುಟ್ಟಿದವೆಂದೂ ತಿಳಿಯಿತು.

ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಮುಂತಾದ ಲಂಡನ್ ಮನೆತನಗಳ ಕೋವಿಯಾಗಿದ್ದರೆ ಕ್ರಮಸಂಖ್ಯೆ ಹಿಡಿದು ಅವರ ಹಳೆಯ ಲೆಡ್ಜರಿನಲ್ಲಿ ಮೊದಲ ಗಿರಾಕಿಯನ್ನೇ ಹುಡುಕಬಹುದಿತ್ತು. ನನಗೆ ಆ ದಾರಿ ಇಲ್ಲದಿದ್ದುದರಿಂದ ಮನೆಯ ಅಟ್ಟ ಹತ್ತಿದೆ. ಮುತ್ತಜ್ಜನ ಏಲಕ್ಕಿ ಲೆಕ್ಕದ ಪುಸ್ತಕದಲ್ಲಿ, 1912ರ ಹಾಳೆಯೊಂದರಲ್ಲಿ, ಎತ್ತಿನ ಗಾಡಿಯ ಬಾಡಿಗೆ ಮತ್ತು ಉಪ್ಪಿನ ಖರ್ಚಿನ ನಡುವೆ ‘ಮದರಾಸು ಕೋವಿ ಬಾಬ್ತು ಎರಡನೇ ಕಂತು’ ಎಂದು ಅವರದೇ ಕೈಬರಹದಲ್ಲಿತ್ತು. ಮುದ್ರೆಗಳು ತೋರಿಸಿದ ಅವಧಿಯೊಳಗೇ ಆ ವರ್ಷ ಬರುತ್ತದೆ. ಯಾವ ದೊರೆಯೂ ಕೊಟ್ಟದ್ದಲ್ಲ. ಏಲಕ್ಕಿ ಮಾರಿ ಕಂತು ಕಟ್ಟಿ ತಂದದ್ದು. ಉಡುಗೊರೆಯ ಕಥೆಗಿಂತ ಈ ಒಂದು ಸಾಲು ನನಗೆ ಹೆಚ್ಚು ಹೆಮ್ಮೆಯದು.

ಆ ಹಾಳೆಯ ಮತ್ತು ಮುದ್ರೆಗಳ ಫೋಟೋಗಳನ್ನು ಈಗ ಕೋವಿಯ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಅಜ್ಜ ಹೇಳಿದ ಕಥೆಯನ್ನೂ ‘ಮನೆಯವರ ನೆನಪು’ ಎಂಬ ತಲೆಬರಹದಲ್ಲಿ ಬೇರೆ ಹಾಳೆಯ ಮೇಲೆ ಬರೆದು ಜೊತೆಗಿರಿಸಿದ್ದೇನೆ.