ಬಿಸಿ ನೀರು ಎಲ್ಲಿ ಕೂತಿದೆ?

ತುಂಬಾ ದಿನ ಎಲ್ ನಿನೊ ಅಂದರೆ ಒಂದು ಸಂಖ್ಯೆ ಅಂದುಕೊಂಡಿದ್ದೆ. ಪೆಸಿಫಿಕ್ ಸಾಗರದ ನಡುವೆ ನಿನೊ 3.4 ಅನ್ನೋ ಒಂದು ಚೌಕ. ಅಲ್ಲಿ ನೀರಿನ ಬಿಸಿ ವಾಡಿಕೆಗಿಂತ ಅರ್ಧ ಡಿಗ್ರಿ ಜಾಸ್ತಿಯಾಗಿ ಕೆಲವು ತಿಂಗಳು ಹಾಗೇ ನಿಂತರೆ ಎಲ್ ನಿನೊ, ಅಷ್ಟೇ ಕಮ್ಮಿಯಾಗಿ ನಿಂತರೆ ಲಾ ನಿನಾ. ಆ ಸಂಖ್ಯೆಯನ್ನು ನಾನೇ ಲೆಕ್ಕ ಹಾಕಲು ಕೂತೆ.

ಸಾಗರ, ಹವಾಮಾನ ಗಮನಿಸುವ ಅಮೆರಿಕದ ನೋವಾ ಸಂಸ್ಥೆಯ ಇಆರ್‌ಎಸ್‌ಎಸ್‌ಟಿ ಅನ್ನೋ ದತ್ತಾಂಶ ಪುಕ್ಕಟೆ ಸಿಗುತ್ತದೆ. 1854ರಿಂದ ಈಚೆಗೆ ತಿಂಗಳು ತಿಂಗಳ ಸಮುದ್ರ ಮೇಲ್ಮೈ ತಾಪಮಾನ, ಅಕ್ಷಾಂಶ-ರೇಖಾಂಶದ 2 ಡಿಗ್ರಿಗೊಂದು ಮನೆಯಂತೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಹಾಕಿದೆ. ಜೋರು ಎಲ್ ನಿನೊ ಬಂದಿದ್ದ 1997ರಲ್ಲಿ ಗೆರೆ ಜಿಗಿಯಬೇಕಿತ್ತು. ಸಪ್ಪಗೆ ಮಲಗಿತ್ತು! ಅರ್ಧ ದಿನ ತಲೆ ಕೆರೆದುಕೊಂಡೆ. ಚೌಕ ಇರುವುದು ಪಶ್ಚಿಮ ರೇಖಾಂಶ 170ರಿಂದ 120ರವರೆಗೆ. ಈ ಫೈಲ್ ಮಾತ್ರ ರೇಖಾಂಶವನ್ನು 0ಯಿಂದ 360ರ ಕಡೆಗೆ ಪೂರ್ವಕ್ಕೇ ಎಣಿಸುತ್ತದೆ. ಬರೆಯಬೇಕಿದ್ದದ್ದು 190ರಿಂದ 240. ನಾನು ಬರೆದದ್ದು 120ರಿಂದ 170. ಅದು ಸಾಗರದ ಪಶ್ಚಿಮದ ಬದಿ. ಎಲ್ ನಿನೊ ಬಂದಾಗ ತುಸು ತಣ್ಣಗಾಗುವ ಜಾಗ.

ತಪ್ಪು ಒಳ್ಳೆಯದಕ್ಕೇ ಆಯಿತು. ಚೌಕದ ಸರಾಸರಿ ಬಿಟ್ಟು ಇಡೀ ಭೂಮಧ್ಯರೇಖೆಯನ್ನೇ ಹರವಿದೆ. ಅಡ್ಡಕ್ಕೆ ರೇಖಾಂಶ, ಕೆಳಕ್ಕೆ ತಿಂಗಳು, ಬಿಸಿಗೆ ಕೆಂಪು. 1972ರಲ್ಲಿ ಕೆಂಪು ಮೊದಲು ದಕ್ಷಿಣ ಅಮೆರಿಕದ ಕರಾವಳಿಯಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಡಿದೆ. 1982ರಲ್ಲಿ ಉಲ್ಟಾ: ನಡುವೆ ಶುರುವಾಗಿ ಕರಾವಳಿಗೆ ಹೋಗಿದೆ. 1997ರದ್ದು ಪೂರ್ವದ ತುದಿಗೆ ಒತ್ತಿಕೊಂಡು ಕಡುಗೆಂಪು. 2009ರ ಕೊನೆಗೆ ಬಿಸಿಯೆಲ್ಲ ಸಾಗರದ ನಡುವೆ, ದಿನರೇಖೆಯ (180 ಡಿಗ್ರಿ ರೇಖಾಂಶ) ಆಸುಪಾಸು. ಕರಾವಳಿ ಹೆಚ್ಚುಕಮ್ಮಿ ವಾಡಿಕೆಯಂತೇ ಇದೆ. ನಾಲ್ಕಕ್ಕೂ ಹೆಸರು ಮಾತ್ರ ಒಂದೇ, ಅಲ್ವಾ?

ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ಬಿಸಿ ನೀರನ್ನು ಪಶ್ಚಿಮಕ್ಕೆ ತಳ್ಳಿ ಗುಡ್ಡೆ ಹಾಕುತ್ತದೆ. ಪೂರ್ವದಲ್ಲಿ ಅಡಿಯ ತಣ್ಣೀರು ಮೇಲೆ ಬರುತ್ತದೆ. ಗಾಳಿ ಸೋತರೆ ಬಿಸಿ ನೀರು ಪೂರ್ವಕ್ಕೆ ವಾಪಸ್ ಹೊರಡುತ್ತದೆ. ಎಲ್ಲಿ ಸೋತಿತು, ಎಷ್ಟು ಸೋತಿತು ಅನ್ನುವುದರ ಮೇಲೆ ಕೆಂಪು ಎಲ್ಲಿ ನಿಲ್ಲುತ್ತದೆ ಅನ್ನೋದು ಬಹಳಷ್ಟು ನಿಂತಿದೆ.

ಆಮೇಲೆ ಎದುರಾದದ್ದು 'ವಾಡಿಕೆ' ಯಾವುದು ಅನ್ನೋ ಪ್ರಶ್ನೆ. ನಾನು ಮೊದಲು 1961ರಿಂದ 1990ರ ಸರಾಸರಿ ಕಳೆದಿದ್ದೆ. ಈಚಿನ ವರ್ಷಗಳಲ್ಲಿ ಪಶ್ಚಿಮ ಪೆಸಿಫಿಕ್, ಹಿಂದೂ ಮಹಾಸಾಗರ ಎಲ್ಲಾ ಕೆಂಪೋ ಕೆಂಪು. ಕಡಲೇ ಒಟ್ಟಾಗಿ ಬಿಸಿಯಾಗುತ್ತಿದೆ, ಸರಿ. ಆದರೆ ಪೂರ್ವ ಪೆಸಿಫಿಕ್‌ನ ಭೂಮಧ್ಯರೇಖೆಯ ಪಟ್ಟಿ 1980ರಿಂದೀಚೆಗೆ ಅಷ್ಟು ಬಿಸಿಯಾಗಿಲ್ಲ, ಕೆಲವು ಕಡೆ ತಣ್ಣಗೂ ಆಗಿದೆ. ಇದನ್ನು ಬೇರ್ಪಡಿಸಲು ಪ್ರತಿ ತಿಂಗಳೂ 20 ಉತ್ತರದಿಂದ 20 ದಕ್ಷಿಣ ಅಕ್ಷಾಂಶದ, ಅಂದರೆ ಉಷ್ಣವಲಯದ ಕಡಲಿನ ಸರಾಸರಿ ಏರಿಳಿತವನ್ನು ಕಳೆದುಬಿಟ್ಟೆ. 2023-24ರ ಎಲ್ ನಿನೊ ಕಣ್ಣೆದುರೇ ಕುಗ್ಗಿತು. ಉಷ್ಣವಲಯವೆಲ್ಲಾ ಕಾದಿದ್ದಾಗ ನಡುವಿನ ಚೌಕ ಒಂಟಿಯಾಗಿ ಎದ್ದು ಕಾಣುವುದು ಕಷ್ಟ.

ಹಳೆಯ ಗೆರೆಗಳನ್ನು ಮಾತ್ರ ನಾನು ಜಾಸ್ತಿ ನಂಬುವುದಿಲ್ಲ. ಆಗ ಅಳತೆ ಬರುತ್ತಿದ್ದದ್ದು ಹಡಗುಗಳಿಂದ; ಹಡಗು ಹೋಗದ ಕಡೆ ಅಳತೆಯೂ ಇಲ್ಲ, ಆ ಮನೆಗಳನ್ನು ಲೆಕ್ಕದಿಂದ ತುಂಬಿಸಿದ್ದಾರೆ. ಭೂಮಧ್ಯರೇಖೆಯ ಪೆಸಿಫಿಕ್‌ನಲ್ಲಿ ತೇಲುವ ಮಾಪಕಗಳ ಸಾಲು ಪೂರ್ತಿಯಾದದ್ದೇ 1994ರಲ್ಲಿ. ಹಾಗಾಗಿ 1950ಕ್ಕಿಂತ ಹಿಂದಿನದನ್ನು ನನ್ನ ಗ್ರಾಫ್‌ನಲ್ಲಿ ಬೂದು ಬಣ್ಣದಲ್ಲಿಟ್ಟಿದ್ದೇನೆ.