ಹೊಗೆಯಲ್ಲಿ ಒಂದು ಕೋಣೆ ಉಳಿಸಿಕೊಂಡ ನನ್ನ ಅನುಭವ

ಈ ಚಳಿಗಾಲ ಅವ್ವ ಒಂದು ರಾತ್ರಿಯೂ ಎದ್ದು ಕೂತು ಕೆಮ್ಮಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಪಾಂಡವಪುರದ ಹತ್ತಿರ, ಸುತ್ತ ಕಬ್ಬು. ಕಟಾವಾದ ಗದ್ದೆಯ ತರಗಿಗೆ ಸಂಜೆ ಬೆಂಕಿ ಇಟ್ಟರೆ ಡಿಸೆಂಬರ್ ಚಳಿಗೆ ಹೊಗೆ ಮೇಲೇಳುವುದೇ ಇಲ್ಲ, ಬೆಳಗಾಗುವವರೆಗೆ ಊರ ಮೇಲೇ ಮಲಗಿರುತ್ತೆ. ಜೊತೆಗೆ ಆಲೆಮನೆ ಹೊಗೆ ಬೇರೆ.

ಹೊಗೆಯಿಂದ ಒಂದು ಕೋಣೆ ಉಳಿಸಿಕೊಳ್ಳುವುದನ್ನು ನಾನು ಕಲಿತದ್ದು ಅಮೆರಿಕದ ಸ್ಯಾನ್ ಹೋಸೆಯಲ್ಲಿ, 2020ರ ಆಗಸ್ಟ್‌ನಲ್ಲಿ. ಸುಡು ಸೆಕೆಯಲ್ಲಿ ಸಿಡಿಲು ಬಂತು, ಮಳೆ ಮಾತ್ರ ನೆಲ ಮುಟ್ಟುವ ಮೊದಲೇ ಆರಿಹೋಯಿತು. ಕೆಲವೇ ದಿನದಲ್ಲಿ ಕ್ಯಾಲಿಫೋರ್ನಿಯಾದಲ್ಲಿ 10 ಸಾವಿರಕ್ಕೂ ಜಾಸ್ತಿ ಸಿಡಿಲು, ನೂರಾರು ಕಡೆ ಕಾಡಿಗೆ ಬೆಂಕಿ. ನಮಗೆ ಪೂರ್ವದ ಗುಡ್ಡಗಳಲ್ಲೂ ಬೆಂಕಿ, ಪಶ್ಚಿಮಕ್ಕೆ ಸಾಂತಾ ಕ್ರೂಜ್ ಕಡೆಯೂ ಬೆಂಕಿ. ಸೆಪ್ಟೆಂಬರ್ 9ರಂದು ಆಕಾಶವೇ ಕಿತ್ತಳೆ ಬಣ್ಣ, ಹಗಲಲ್ಲೇ ದೀಪ ಹಾಕಿಕೊಂಡಿದ್ದೆವು. ಗಾಳಿ ಶುದ್ಧ ಮಾಡುವ ಪ್ಯೂರಿಫೈಯರ್ ಎಲ್ಲೂ ಸಿಗಲಿಲ್ಲ. ಚೌಕ ಪೆಟ್ಟಿಗೆಯಂಥ ಬಾಕ್ಸ್ ಫ್ಯಾನ್‌ಗೆ ಹೊಗೆಯ ಸಣ್ಣ ಕಣ ಹಿಡಿಯುವ ಮೆರ್ವ್ 13 ದರ್ಜೆಯ ಫಿಲ್ಟರ್ ಅಂಟಿಸಿ ಒಂದೇ ರೂಮಿನಲ್ಲಿ ವಾರಗಟ್ಟಲೆ ಕಳೆದೆವು.

ಊರಿಗೆ ಬಂದ ಮೇಲೆ ಮೊದಲು ಸುಮ್ನೆ ದುಡ್ಡು ಕಳೆದೆ. ಹದಿನಾಲ್ಕು ಸಾವಿರದ ಪ್ಯೂರಿಫೈಯರ್ ತಂದು ಹಜಾರದಲ್ಲಿಟ್ಟೆ. ಹೆಂಚಿನ ಮನೆ ಅಲ್ವಾ, ಸಂದಿ ಸಂದಿಯಲ್ಲೂ ಹೊಗೆ. ಗಾಳಿಯಲ್ಲಿನ ಸೂಕ್ಷ್ಮ ಕಣ ಅಳೆಯುವ ಪಿಎಂ 2.5 ಮೀಟರ್ 180ರಿಂದ ಕೆಳಗಿಳಿಯಲೇ ಇಲ್ಲ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದೆ, ಅದೂ ದಂಡ. ಟೇಬಲ್ ಫ್ಯಾನ್ ಹಿಂದೆ ಇನ್ನೂ ದಟ್ಟವಾದ ಹೆಪಾ ಫಿಲ್ಟರ್ ಕಟ್ಟಿದರೆ ಗಾಳಿ ಎಳೆಯಲಾಗದೆ ಮೋಟಾರ್ ಕಾದು ವಾಸನೆ ಬಂತು. "ಹೊಗೇನ ಡಬ್ಬದಲ್ಲಿ ಹಿಡಿಯಕ್ಕಾಯ್ತದೇನ್ಲಾ?" ಅಂದರು ಅಪ್ಪ.

ಆಯ್ತದೆ. ಮನೆ ಪೂರ್ತಿ ಬಿಡಿ, ಒಂದು ಕೋಣೆ ಹಿಡಿಯಿರಿ. ಅವ್ವನ ಕೋಣೆಯ ಹೆಂಚಿನ ಕೆಳಗೆ ಟಾರ್ಪಾಲ್ ಬಿಗಿದೆ, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದೆ. ನಾಲ್ಕು ಫಿಲ್ಟರ್ ಚೌಕಕ್ಕೆ ನಿಲ್ಲಿಸಿ, ಕೆಳಗೆ ರಟ್ಟು ಮುಚ್ಚಿ, ಮೇಲೆ ಫ್ಯಾನ್ ಮಲಗಿಸಿದೆ, ಗಾಳಿ ಮೇಲಕ್ಕೆ ಹೋಗುವಂತೆ. ಫಿಲ್ಟರ್ ಒಂದಕ್ಕೆ ಎಂಟುನೂರೋ ಒಂಬೈನೂರೋ ಆಯ್ತು. ಎಲ್ಲ ಸೇರಿ ಆರು ಸಾವಿರ ದಾಟಿಲ್ಲ. ಫ್ಯಾನಿನ ಮೂಲೆಗಳಲ್ಲಿ ಗಾಳಿ ವಾಪಸ್ ನುಗ್ಗುತ್ತೆ, ಅಲ್ಲಿಗೆ ರಟ್ಟಿನ ಬಳೆ ಹಾಕಬೇಕು. ಆ ಬಳೆಯ ಅಳತೆ ಹೇಳಲ್ಲ, ಅದಕ್ಕೆ ನಾನು ಹದಿನೈದು ರಟ್ಟು ಹರಿದಿದ್ದೇನೆ. ಹೊರಗೆ 250 ಇದ್ದ ರಾತ್ರಿ ಒಳಗೆ ಮೂವತ್ತರ ಆಸುಪಾಸು. ಅಷ್ಟು ಕಡಿಮೆ ದುಡ್ಡಿಗೆ ಇಷ್ಟು ಇಳಿಸಿದವರನ್ನು ನಾನಂತೂ ನೋಡಿಲ್ಲ.

ಮೀಟರ್ ಕೈಗೆ ಬಂದ ಮೇಲೆ ಎಲ್ಲಾ ಅಳೆದೆ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಎರಡೇ ನಿಮಿಷಕ್ಕೆ 40 ಇದ್ದದ್ದು 300. ಊದುಬತ್ತಿ ನಿಧಾನಕ್ಕೆ ಏರಿಸುತ್ತೆ, ಆದರೆ ಇಳಿಯಲ್ಲ. ಈಗ ಊದುಬತ್ತಿ ಜಗಲಿಯಲ್ಲಿ. ಅವ್ವನನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಕುಂಡದಲ್ಲಿ ಗಿಡ ಇಟ್ಟೂ ನೋಡಿದೆ, ಮೀಟರ್ ಅಲ್ಲಾಡಲಿಲ್ಲ.

ರಾತ್ರಿ ಕರೆಂಟ್ ಹೋಗುತ್ತೆ, ಇನ್ವರ್ಟರ್ ಲೈನಿಗೆ ಕೊಡಿ. ಸಂಕ್ರಾಂತಿ ಹೊತ್ತಿಗೆ ಫಿಲ್ಟರ್ ಬಿಚ್ಚಿದೆ. ಬೆಳ್ಳಗಿದ್ದದ್ದು ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು, ಮೂಗಿಗೆ ಹಿಡಿದರೆ ಸುಟ್ಟ ತರಗಿನ ವಾಸನೆ. ಅಪ್ಪನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ಈ ವರ್ಷ ನಮ್ಮ ಒಂದು ಎಕರೆ ಕೂಳೆ ಕಬ್ಬಿನ ತರಗನ್ನು ಸುಡದೆ ಸಾಲಿಗೇ ಹಾಕಿದ್ದೇವೆ.