ನಾಲ್ಕು ಬೋರ್ಡ್, ಒಂದು ತಂತಿ: ನನ್ನ ಡ್ರೋನ್ ಸಿಮ್ಯುಲೇಟರ್

"ಒಂದು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕ್ಕೊಂಡು ಸುಮ್ನಿರೋ" ಅಂತ, ಡ್ರೋನ್ ಸಿಮ್ಯುಲೇಟರಿನ ಕೆಲಸವನ್ನು ಸಣ್ಣ ಬೋರ್ಡ್‌ಗಳಿಗೆ ಹಂಚಲು ಹೊರಟ ನನ್ನನ್ನು ನೋಡಿ ಗೆಳೆಯರೆಲ್ಲ ನಕ್ಕಿದ್ದರು. ಈಗ ಭಾನುವಾರ ಬಂದು ಹಾರಿಸಿ ಹೋಗುವವರೂ ಅವರೇ.

ಮೊದಲು ನಾನೂ ಎಲ್ಲವನ್ನೂ ಒಂದೇ ಪಿಸಿಯಲ್ಲಿ ಓಡಿಸಿದವನೇ. ಡ್ರೋನಿನ ಮಿದುಳಾದ ಆರ್ಡುಪೈಲಟ್ ಸಾಫ್ಟ್‌ವೇರನ್ನು ಡ್ರೋನ್ ಇಲ್ಲದೆಯೇ ಓಡಿಸುವ ಎಸ್‌ಐಟಿಎಲ್, ಹಾರಾಟದ ಲೋಕ ತೋರಿಸುವ ಗೆಜೀಬೊ, ನೆಲದಿಂದ ಡ್ರೋನ್ ನೋಡಿಕೊಳ್ಳುವ ಗ್ರೌಂಡ್ ಸ್ಟೇಷನ್ ಎಲ್ಲ ಒಟ್ಟಿಗೆ. ತೆರೆಯಲ್ಲಿ ಮರಗಿಡ ಜಾಸ್ತಿಯಾದರೆ ಇಡೀ ಸಿಮ್ಯುಲೇಶನ್ ನಿಧಾನವಾಗುತ್ತಿತ್ತು. ಕಾಲವೇ ತೆವಳಿದರೆ ಪೈಲಟ್ ಕೈ ಏನು ಕಲಿಯುತ್ತದೆ? ಡ್ರೋನಿನಲ್ಲಿ ಕೂರುವ ಪಿಕ್ಸ್‌ಹಾಕ್ ಎಂಬ ನಿಯಂತ್ರಕದ ಒಳಗೇ ಎರಡು ಚಿಪ್ ಇವೆ ಅಲ್ವಾ, ಒಂದು ಹಾರಾಟಕ್ಕೆ, ಇನ್ನೊಂದು ಮೋಟಾರಿನ ಔಟ್‌ಪುಟ್‌ಗೆ. ನಾನೂ ಕೆಲಸ ಹಂಚಿದೆ. ಅಂಗೈಯಗಲದ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ ಒಂದಕ್ಕೆ ಹಾರಾಟದ ಲೆಕ್ಕ, ಇನ್ನೊಂದಕ್ಕೆ ಆರ್ಡುಪೈಲಟ್, ಮೂರನೆಯದಕ್ಕೆ ಸ್ಟಿಕ್ ಮತ್ತು ರೇಡಿಯೊ ಲಿಂಕ್. ಹಳೇ ಪಿಸಿಗೆ ಚಿತ್ರ ಮಾತ್ರ.

ಮೂರು ಪೈಗಳಿಗೂ ಒಂದೇ ಅಗ್ಗದ ಅಡಾಪ್ಟರ್ ಹಾಕಿದ್ದು ಮೊದಲ ಎಡವಟ್ಟು. ತೆರೆಯ ಮೂಲೆಯಲ್ಲಿ ವೋಲ್ಟೇಜ್ ಸಾಲದು ಅನ್ನುವ ಹಳದಿ ಮಿಂಚಿನ ಗುರುತು, ಆಮೇಲೆ ರೀಬೂಟ್. ವೈಫೈ ನಂಬಿದ್ದು ಎರಡನೆಯದು. ಸ್ವಿಚ್, ಕೇಬಲ್ ತಂದ ಮೇಲೂ ನಡುಕ ಹೋಗಲಿಲ್ಲ. ಲೆಕ್ಕದ ಸುತ್ತು ಓಡುವುದು 400 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 400 ಸಲ, ಒಂದು ಸುತ್ತಿಗೆ 2.5 ಮಿಲಿಸೆಕೆಂಡ್. ಒಂದೊಂದು ಬೋರ್ಡಿನ ಗಡಿಯಾರ ಒಂದೊಂದು ದಾರಿ, ಕೆಲವೇ ನಿಮಿಷದಲ್ಲಿ ಒಂದು ಸುತ್ತು ಆಚೀಚೆ. ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಹಾಕಿದೆ. ಗಡಿಯಾರ ಸರಿಹೋಯಿತು, ಆದರೆ ಲಿನಕ್ಸ್ ನನ್ನ ಪ್ರೋಗ್ರಾಂ ಎಬ್ಬಿಸುವುದು ತನಗೆ ಬೇಕಾದಾಗ. ಎರಡು ತಿಂಗಳು ಇದರಲ್ಲೇ ಹೋಯಿತು.

ಕೊನೆಗೆ ಕೈಹಿಡಿದಿದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇನ್ನೂರು ಚಿಲ್ಲರೆಗೆ ಸಿಕ್ಕ ಬ್ಲೂ ಪಿಲ್ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್. ಅದಕ್ಕಿರುವುದು ಒಂದೇ ಕೆಲಸ, ತಾಳ ಹಾಕುವುದು. ಒಂದು ತಂತಿ ಮೂರು ಪೈಗಳಲ್ಲೂ ಹೊರಗಿನ ಸಂಕೇತ ಓದುವ ಜಿಪಿಐಒ ಪಿನ್‌ಗೆ ಹೋಗುತ್ತದೆ. ಪಲ್ಸ್ ಬಂದರೆ ಒಂದು ಸುತ್ತು ಲೆಕ್ಕ, ಇಲ್ಲದಿದ್ದರೆ ಕಾಯುವುದು. ಗ್ರೌಂಡ್ ತಂತಿ ಮರೆತು ಒಂದು ಸಂಜೆ ತಲೆ ಕೆಡಿಸಿಕೊಂಡಿದ್ದೂ ಆಯಿತು. ಒಬ್ಬ ತಾಳ ತಪ್ಪಿದರೆ ಉಳಿದವರು ಏನು ಮಾಡುತ್ತಾರೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಖರ್ಚು? ಪೈಗಳು ಸೆಕೆಂಡ್ ಹ್ಯಾಂಡ್. ಸುಟ್ಟದ್ದೂ ಸೇರಿ ಹತ್ತೊಂಬತ್ತು ಸಾವಿರದ ಆಸುಪಾಸು.

ಲಿಂಕ್ ಬೋರ್ಡ್ ಬೇರೆ ಇದ್ದದ್ದಕ್ಕೆ ಇನ್ನೊಂದು ಆಟ ಸಿಕ್ಕಿತು. ಪೈಲಟ್ ಒಳಗಿಲ್ಲದ ದೊಡ್ಡ ವಿಮಾನಗಳನ್ನು (ಯುಎವಿ) ಉಪಗ್ರಹದ ಮೂಲಕ ಹಾರಿಸುತ್ತಾರಲ್ಲ, ಆ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿದ್ದರೆ ಆಜ್ಞೆ ಹೋಗಿ ಚಿತ್ರ ವಾಪಸ್ ಬರಲು ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಅಷ್ಟೇ ತಡ ತುಂಬಿಸಿದೆ. ಗ್ರಾಫಿಕ್ಸ್ ಕಾರ್ಡ್ ಅಂದಿದ್ದ ಗೆಳೆಯನೇ ಇಳಿಸಲು ಕೂತ. ತಿದ್ದಿದ್ದನ್ನೇ ಮತ್ತೆ ತಿದ್ದುತ್ತಾ ಮೂರು ಸಲ ನೆಲಕ್ಕೆ ಕುಟ್ಟಿದ. ನಾಲ್ಕನೇ ಸಲ ಸ್ಟಿಕ್ಕನ್ನು ಒಂದಿಷ್ಟೇ ತಳ್ಳಿ, ಬಿಟ್ಟು, ಕಾದ. ಇಳಿಯಿತು.